ಸೇಡಂ ಗಡಿಯ ತಂಟೆ ಹೊತ್ತು ಇಟಲಿಗೆ

ವಾಡಿ

ಸೇಡಮ್ಮಿನಿಂದ ತಾಂಡೂರಿಗೆ ಪ್ಯಾಸೆಂಜರ್ ಗಾಡಿಯಲ್ಲಿ ಕೂತರೆ ಒಂದು ಪೊಟ್ಟಣ ಶೇಂಗಾ ತಿಂದು ಮುಗಿಸುವಷ್ಟರಲ್ಲಿ ಊರು ಬಂದುಬಿಡುತ್ತದೆ. ಆದರೆ ಆ ಎರಡು ಊರುಗಳ ನಡುವಿನ ತಂಟೆಯೊಂದನ್ನು ಬಗೆಹರಿಸಿಕೊಳ್ಳಲು ನಾನು ಇಟಲಿಯ ತನಕ ಹೋಗಬೇಕಾಯಿತು. ಊರಲ್ಲಿ ಇದನ್ನು ಹೇಳಿದರೆ ಯಾರೂ ನಂಬಲಿಲ್ಲ. ಹೊಲದ ಬದುವಿನ ಜಗಳಕ್ಕೆ ಜನ ಗುಲ್ಬರ್ಗಾದ ಕೋರ್ಟಿನ ತನಕ ಹೋದದ್ದು ಅವರಿಗೆ ಗೊತ್ತು, ವಿಮಾನ ಹತ್ತಿದ್ದು ಗೊತ್ತಿಲ್ಲ.

ಎರಡು ಸಾವಿರದ ಐದನೇ ಇಸವಿ, ದಸರೆ ಮುಗಿದಿತ್ತು. ಮುಂಬೈಗೆ ಹೋಗುವ ನಮ್ಮ ಗಾಡಿ ಶಹಾಬಾದಿನಲ್ಲಿ ನಿಲ್ಲುವುದಿಲ್ಲವೆಂದು ವಾಡಿಗೆ ಬಂದು ಕೂತಿದ್ದೆ. ವಾಡಿ ಅಂದರೆ ಕಾಯುವ ಊರು. ಒಂದು ರೈಲ್ವೆ ವಲಯ ಮುಗಿದು ಇನ್ನೊಂದು ಶುರುವಾಗುವುದು ಇಲ್ಲೇ. ಡ್ರೈವರ್ ಇಳಿಯುತ್ತಾನೆ, ಗಾರ್ಡ್ ಇಳಿಯುತ್ತಾನೆ, ಬೇರೆಯವರು ಹತ್ತುತ್ತಾರೆ. ಒಳಗೆ ಕೂತವರಿಗೆ ಮಾತ್ರ ಸೀಟು ಅದೇ, ಕಿಟಕಿ ಅದೇ. ಚಿಕ್ಕವಳಿದ್ದಾಗ ಅಪ್ಪನ ಜೊತೆ ಬಂದಾಗಲೆಲ್ಲ ಪ್ಲಾಟ್‌ಫಾರ್ಮಿನ ತುದಿಯ ಹಳದಿ ಫಲಕವನ್ನು ಜೋರಾಗಿ ಓದುವುದು ನನ್ನ ಚಾಳಿ. ಮೇಲೆ ಊರಿನ ಹೆಸರು, ಕೆಳಗೆ ಸಣ್ಣ ಅಕ್ಷರದಲ್ಲಿ ಸಮುದ್ರ ಮಟ್ಟದಿಂದ ಊರು ಎಷ್ಟು ಎತ್ತರ ಎಂಬ ಅಂಕಿ. "ಸಮುದ್ರ ಎಲ್ಲದಪ್ಪ?" ಎಂದು ಕೇಳಿದರೆ ಅಪ್ಪ, "ಅದು ರೈಲ್ವೆದವ್ರಿಗೆ ಬೇಕು. ನಾವು ನಿಂತಿದ್ದು ನೆಲದ ಮ್ಯಾಲ" ಅನ್ನುತ್ತಿದ್ದ. ಅಪ್ಪನಿಗೆ ನೆಲಕ್ಕೆ, ಮಾಳಿಗೆಗೆ ಹಾಸುವ ಫರಸಿ ಕಲ್ಲಿನ ಖಣಿಯಿತ್ತು. ಶಹಾಬಾದಿನ ಖಣಿಗಳಲ್ಲಿ ಆಳವನ್ನು ಎಣಿಸುವುದು ನಿಂತ ನೆಲದಿಂದಲೇ: ಮೇಲಿನ ಮಣ್ಣು ಸರಿಸಿದರೆ ಮೊದಲನೇ ಪದರು, ಅದರ ಕೆಳಗೆ ಎರಡನೆಯದು. ಬೇರೆ ರೀತಿ ಎಣಿಸಬಹುದೆಂದು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಗಾಡಿ ಬಂತು. ತಾಂಡೂರಿನಲ್ಲಿ ಹತ್ತಿದ್ದ ವಿಠ್ಠಲ ರೆಡ್ಡಿ ಬಾಗಿಲಲ್ಲೇ ನಿಂತಿದ್ದರು. ನನ್ನ ಎದುರಾಳಿ ಇವರೇ. ಹೈದರಾಬಾದಿನಲ್ಲಿ ಭೂಕಂಪದ ಅಧ್ಯಯನ ಮಾಡುವವರು, ಊರು ತಾಂಡೂರು, ತಾಯಿಯ ತವರು ಸೇಡಂ. ಹಾಗಾಗಿ ನಮ್ಮ ಕನ್ನಡ ಅವರಿಗೆ ಅಜ್ಜಿಯ ಮನೆಯ ಮಾತು.

"ಬರ್ರಿ ಅಕ್ಕಾರ, ಬರ್ರಿ. ಚೀಲ ಕೊಡ್ರಿ ಇತ್ಲಾಗ. ಏನಿದು ಇಷ್ಟು ಭಾರ? ಶಹಾಬಾದ ಕಲ್ಲು ಕಟ್ಕೊಂಡು ಬಂದೀರೇನು?"

"ರೊಟ್ಟಿ ಅವರಿ. ಕಲ್ಲು ನಿಮ್ಮ ಚೀಲದಾಗ ಇರ್ಬೇಕು."

ಅವರು ನಕ್ಕು ಮಾತು ತೇಲಿಸಿದರು. ಅದರ ಅರ್ಥ ನನಗೆ ಮುಂಬೈಯಲ್ಲಿ ತಿಳಿಯಿತು.

ನಮ್ಮ ತಂಟೆ ಏನೆಂದು ಹೇಳಿಬಿಡುತ್ತೇನೆ. ನೆಲದೊಳಗೆ ಸದ್ದಾದರೆ ಅದರ ಅಲೆ ಕಲ್ಲಿನ ಮೂಲಕ ಓಡುತ್ತದೆ. ಸುಣ್ಣದಕಲ್ಲಿನಲ್ಲಿ ಒಂದು ವೇಗ, ಕರಿಕಲ್ಲಿನಲ್ಲಿ, ಅಂದರೆ ಬಸಾಲ್ಟಿನಲ್ಲಿ, ಒಂದು ವೇಗ, ಕೆಳಗಿನ ಗ್ರಾನೈಟಿನಲ್ಲಿ ಇನ್ನೊಂದು. ಯಾವ ಆಳದಲ್ಲಿ ಎಷ್ಟು ವೇಗ ಎಂದು ಬರೆದ ನಕ್ಷೆ ಕೈಯಲ್ಲಿದ್ದರೆ, ಅಲೆ ಬೇರೆಬೇರೆ ಊರಿಗೆ ಬಂದು ಮುಟ್ಟಿದ ಹೊತ್ತನ್ನು ನೋಡಿ, ಭೂಮಿ ಎಲ್ಲಿ ಅಲುಗಿತೆಂದು ಲೆಕ್ಕ ಹಾಕಬಹುದು. ವೇಗ ತಪ್ಪಿದರೆ ಜಾಗವೂ ತಪ್ಪುತ್ತದೆ. ವಾಡಿ, ಶಹಾಬಾದ, ಚಿತ್ತಾಪುರ, ಸೇಡಂ, ಚಿಂಚೋಳಿಯ ಕಡೆಯ ನಕ್ಷೆ ನನ್ನದು. ಗುಲ್ಬರ್ಗಾದ ಕಾಲೇಜಿನಲ್ಲಿ ಪಾಠ ಮಾಡುತ್ತ, ರಜೆಯಲ್ಲಿ ಖಣಿಗಳ ಬ್ಲಾಸ್ಟಿಂಗ್ ಸದ್ದು ಹಿಡಿದು ಹಿಡಿದು ಮಾಡಿದ್ದು. ತಾಂಡೂರಿನಿಂದಾಚೆಯದು ರೆಡ್ಡಿಯವರದು. ಎರಡೂ ನಕ್ಷೆಗಳು ಸೇಡಂ, ಚಿಂಚೋಳಿಗಳ ಮೇಲೆ ಒಂದರ ಮೇಲೊಂದು ಹಾಯುತ್ತಿದ್ದವು, ಮತ್ತು ಹಾಯ್ದಲ್ಲೆಲ್ಲ ಜಗಳವಾಡುತ್ತಿದ್ದವು. ಅವರ ನಕ್ಷೆಯಲ್ಲಿ ಸುಣ್ಣದಕಲ್ಲು ಎಲ್ಲಿ ಮುಗಿಯುತ್ತಿತ್ತೋ ನನ್ನದರಲ್ಲಿ ಅದಕ್ಕಿಂತ ಬಹಳ ಕೆಳಗೆ ಮುಗಿಯುತ್ತಿತ್ತು.

ಇದು ಇಬ್ಬರು ಮೇಷ್ಟ್ರುಗಳ ಹಟವಾಗಿ ಉಳಿಯಬಹುದಿತ್ತು. ಉಳಿಯದಿದ್ದುದಕ್ಕೆ ಕಾರಣ ನಮ್ಮ ದೊಡ್ಡವ್ವ.

ದೊಡ್ಡವ್ವ ಅಂದರೆ ನಮ್ಮವ್ವನ ಅಕ್ಕ. ಚಿಂಚೋಳಿಯ ಹತ್ತಿರದ ಹಳ್ಳಿಯಲ್ಲಿ ಮಗ ಬಸಣ್ಣ, ಸೊಸೆ, ಮೊಮ್ಮಕ್ಕಳ ನಡುವೆ ಆಳುತ್ತಿದ್ದ ಹೆಂಗಸು. ಆ ವರ್ಷ ಮಳೆ ಜೋರಾದ ಮೇಲೆ ಅವರ ಊರಿನ ನೆಲದೊಳಗೆ ಗುಡುಗಿದಂತೆ ಸದ್ದು ಶುರುವಾಗಿತ್ತು. ಪಾತ್ರೆ ಅಲುಗುತ್ತಿದ್ದವು. ಕಿಲ್ಲಾರಿಯ ಭೂಕಂಪವಾಗಿ ಹನ್ನೆರಡು ವರ್ಷವಾಗಿದ್ದರೂ ನಮ್ಮ ಕಡೆ ಯಾರೂ ಅದನ್ನು ಮರೆತಿರಲಿಲ್ಲ. ಅಲ್ಲಿ ಜನ ಸತ್ತದ್ದು ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ ಮೈಮೇಲೆ ಬಿದ್ದು. ದೊಡ್ಡವ್ವನ ಮಾಳಿಗೆಯೂ ಕಲ್ಲಿನದೇ. ತೊಲೆಯ ಮೇಲೆ ಹಾಸಿದ ಆ ಫರಸಿಗಳನ್ನು, ಅಕ್ಕನ ಮನೆ ಕಟ್ಟುವಾಗ, ನಮ್ಮವ್ವ ಅಪ್ಪನ ಜೊತೆ ಹಟ ಹಿಡಿದು ನಮ್ಮ ಖಣಿಯಿಂದ ಆರಿಸಿ ಕಳಿಸಿದ್ದಳು. ಅವ್ವ ತೀರಿಕೊಂಡ ಮೇಲೆ ದೊಡ್ಡವ್ವ, "ನಿಮ್ಮವ್ವನ್ನ ನೋಡ್ಕೋತ ಮಲಕೋತೀನಿ" ಎಂದು ಆ ಕಲ್ಲುಗಳ ಕೆಳಗೇ ಹಾಸಿಗೆ ಹಾಕಿಸಿಕೊಳ್ಳುತ್ತಿದ್ದಳು. ಊರೆಲ್ಲ ಅಂಗಳದಲ್ಲಿ ಮಲಗುತ್ತಿದ್ದಾಗಲೂ ಆಕೆ ಒಳಗೇ.

ಹೊರಡುವ ಮುಂಚೆ ಹೋದಾಗ ನನ್ನ ಕೈ ಹಿಡಿದು ಕೇಳಿದಳು: "ನಂದಾ, ನೀ ಇಷ್ಟು ಓದೀದಿ. ಒಂದೇ ಮಾತು ಹೇಳು. ಈ ಗುಡುಗು ನಮ್ಮ ಬುಡಕ್ಕದನೋ, ಇಲ್ಲಾ ದೂರ ಕಿಲ್ಲಾರಿ ಕಡೆದೋ? ದೂರದ್ದಾದ್ರ ನಾ ಒಳಗ ಮಲಕೋತೀನಿ. ಬುಡಕ್ಕಾದ್ರ ಹೇಳು, ಏನು ಮಾಡ್ಬೇಕೋ ಮಾಡ್ತೀನಿ."

ರೆಡ್ಡಿಯವರ ನಕ್ಷೆ ಹಾಕಿದರೆ ಗುಡುಗು ಕಿಲ್ಲಾರಿಯ ದಿಕ್ಕಿಗೆ ದೂರ ಹೋಗುತ್ತಿತ್ತು. ನನ್ನದನ್ನು ಹಾಕಿದರೆ ಊರಿನ ಸುತ್ತ ಎಲ್ಲೆಲ್ಲೋ ಚೆದುರಿ ಬೀಳುತ್ತಿತ್ತು. ಇಟಲಿಯಿಂದ ಬಂದು ಹೇಳುತ್ತೇನೆ ಎಂದೆ. ಅಲ್ಲಿ ಪ್ರದೇಶ ಪ್ರದೇಶಗಳ ನಕ್ಷೆಗಳನ್ನು ಬೆಸೆದು ಒಂದು ಮಾಡುವ ಕಮ್ಮಟವಿತ್ತು, ನಮ್ಮಿಬ್ಬರನ್ನೂ ಕರೆದಿದ್ದರು.

"ಬಂದು ಯಾಕ? ಗೊತ್ತಾದ ಕೂಡ್ಲೆ ಫೋನ್ ಹಚ್ಚು" ಎಂದಳು ದೊಡ್ಡವ್ವ.

ಮುಂಬೈ

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ರೆಡ್ಡಿಯವರ ಕೈಚೀಲದಿಂದ ಸೀರೆಯಲ್ಲಿ ಸುತ್ತಿದ ಚಪ್ಪಟೆ ವಸ್ತುವೊಂದು ಹೊರಬಂತು. ಬಿಚ್ಚಿದರೆ ತಾಂಡೂರಿನ ನೀಲಿ ಕಲ್ಲಿನ ತುಂಡು, ನುಣ್ಣಗೆ ಪಾಲಿಶ್ ಮಾಡಿದ್ದು. ಅತಿಥೇಯರಿಗೆ ಉಡುಗೊರೆಯಂತೆ. ಪೊಲೀಸಮ್ಮ ಅದನ್ನು ತಟ್ಟಿದಳು, ಮೂಸಿದಳು, ಕೊನೆಗೆ ಇದು ಯಾರ ತಲೆಗೆ ಎಂದು ಹಿಂದಿಯಲ್ಲಿ ಕೇಳಿದಳು. ಇಟಲಿಯವರಿಗೆ ಕಲ್ಲು ಒಯ್ಯುವವರನ್ನು ಆಕೆ ಅವತ್ತೇ ಮೊದಲು ನೋಡಿದ್ದಿರಬೇಕು. ಕಲ್ಲನ್ನು ಲಗೇಜಿಗೆ ಹಾಕಿಸಲು ನಾವು ಮತ್ತೆ ಹಿಂದಕ್ಕೆ ಓಡಿದೆವು.

"ತಾಂಡೂರ ಕಲ್ಲು ಕೊಡ್ತೀರಿ, ಶಹಾಬಾದ ಕಲ್ಲಿನ ಹೆಸರೂ ಹೇಳಂಗಿಲ್ಲ" ಎಂದು ನಾನು ಕೆಣಕಿದೆ.

"ನಿಮ್ಮದು ಕರ್ರಗ ಅದ ಅಕ್ಕಾರ. ಉಡುಗೊರೆ ಅಂದ್ರ ಜರಾ ಬಣ್ಣ ಇರ್ಬೇಕು."

ಕೆಳಗೆ ಎರಡೂ ಒಂದೇ ಸುಣ್ಣದಕಲ್ಲಿನ ಹಾಸು ಎಂಬುದು ಇಬ್ಬರಿಗೂ ಗೊತ್ತಿತ್ತು. ಆದರೂ ಫ್ರಾಂಕ್‌ಫರ್ಟ್ ಬರುವ ತನಕ ಇದೇ ವಾದ ನಡೆಯಿತು.

ಗೊರಿಜಿಯಾ

ಗೊರಿಜಿಯಾ ಇಟಲಿಯ ಅಂಚಿನ ಊರು. ಊರಿನ ಕೊನೆಯ ಬೀದಿ ದಾಟಿದರೆ ಸ್ಲೊವೇನಿಯಾ. ಯುದ್ಧ ಮುಗಿದ ಮೇಲೆ ಗಡಿ ಎಳೆದವರು ಊರನ್ನೇ ಸೀಳಿಕೊಂಡು ಗೆರೆ ಎಳೆದರಂತೆ. ನಮಗೆ ಊರ ಹೊರಗಿನ ಹಳ್ಳಿಯೊಂದರಲ್ಲಿ, ನಿವೆಸ್ ಎಂಬ ಮುದುಕಿಯ ಮನೆಯಲ್ಲಿ ಕೋಣೆ ಕೊಟ್ಟಿದ್ದರು. ಕಾರಿನಿಂದಿಳಿದು ಆ ಹಳ್ಳಿಯನ್ನು ನೋಡುತ್ತ ನಿಂತೆ. ಗೋಡೆ ಸುಣ್ಣದಕಲ್ಲು, ಬೇಲಿ ಸುಣ್ಣದಕಲ್ಲು, ಬಾವಿಯ ಕಟ್ಟೆ ಸುಣ್ಣದಕಲ್ಲು. ಒಂದೆರಡು ಹಳೆಯ ಮನೆಗಳಿಗೆ ಮಾಡೂ ಕಲ್ಲಿನ ಹಲಗೆಗಳದ್ದೇ. ಕೋಳಿ, ಬಿಸಿಲು, ಕಲ್ಲಿನ ಮೇಲೆ ಒಣಹಾಕಿದ ಬಟ್ಟೆ. ಶಹಾಬಾದಿನ ನಮ್ಮ ಓಣಿಯನ್ನು ತೊಳೆದು, ಚಳಿಯಲ್ಲಿಟ್ಟಂತಿತ್ತು.

"ಇದು ನಿಮ್ಮ ವಾಡಿ ಬಾಜೂದ ರಾವೂರ ಅಲ್ಲೇನ್ರಿ?" ಎಂದರು ರೆಡ್ಡಿಯವರು.

ನಿವೆಸಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ನಮಗೆ ಇಟಾಲಿಯನ್ ಸೊನ್ನೆ. ಮಾಂಸ ತಿನ್ನುವುದಿಲ್ಲ ಎಂದು ಕೈಸನ್ನೆಯಲ್ಲಿ ಹೇಳಿದ್ದಕ್ಕೆ ಆಕೆ ಮೊದಲ ದಿನ ಮೀನು ಕೊಟ್ಟಳು. ಎರಡನೇ ದಿನ ಸಾರಿನಲ್ಲಿ ಸಣ್ಣ ಸಣ್ಣ ಚೂರು ಹಂದಿಮಾಂಸ. ಅದು ರುಚಿಗೆ, ಊಟಕ್ಕಲ್ಲ ಎಂಬುದು ಆಕೆಯ ವಾದ. ನಾನು ರೊಟ್ಟಿ, ಶೇಂಗಾ ಹಿಂಡಿ ಎಂಬ ನಮ್ಮ ಖಾರದ ಚಟ್ನಿಪುಡಿ ಬಿಚ್ಚಿ ಕೂತೆ. ಆಕೆ ರೊಟ್ಟಿ ಮುರಿದು ಬೆಳಕಿಗೆ ಹಿಡಿದು ನೋಡಿದಳು, ಹಿಂಡಿ ನಾಲಿಗೆಗಿಟ್ಟು ಕಣ್ಣಲ್ಲಿ ನೀರು ತಂದುಕೊಂಡಳು, ಮತ್ತೆ ಸ್ವಲ್ಪ ಬೇಕೆಂದಳು. ಆಮೇಲೆ ಒಳಗೆ ಹೋಗಿ ತಾಮ್ರದ ಪಾತ್ರೆಯಲ್ಲಿ ಹಳದಿಯದೇನನ್ನೋ ತಿರುವಿ ತಿರುವಿ ಬೇಯಿಸಿ ತಂದಳು. ಬಾಯಿಗಿಟ್ಟರೆ ನುಚ್ಚು! ನಮ್ಮದು ಬಿಳಿಜೋಳದ್ದು, ಅವರದು ಮುಸುಕಿನ ಜೋಳದ್ದು, ಅಷ್ಟೇ ವ್ಯತ್ಯಾಸ. ಮಜ್ಜಿಗೆ ಸಿಕ್ಕಲಿಲ್ಲ, ಮೊಸರು ಸಿಕ್ಕಿತು. ರೆಡ್ಡಿಯವರು ಮೂರು ಸಲ ಹಾಕಿಸಿಕೊಂಡು, ತಟ್ಟೆಯಲ್ಲೇ ಕೈ ತೊಳೆಯಲು ಹೋಗಿ, ನಾನು ಕಣ್ಣು ಬಿಟ್ಟಾಗ ಸುಮ್ಮನಾದರು.

ಕಮ್ಮಟದ ಕೋಣೆ

ಕಮ್ಮಟ ನಡೆಸುತ್ತಿದ್ದವರು ಮಾರ್ಟಾ ಎಂಬ ಪ್ರೊಫೆಸರ್. ಉದ್ದ ಕೋಟು, ಗಿಡ್ಡ ಕೂದಲು, ಕಾಫಿಯನ್ನು ನಿಂತೇ ಒಂದೇ ಗುಟುಕಿಗೆ ಕುಡಿದು ಮುಗಿಸುವ ಹೆಂಗಸು. ಅಲ್ಲಿ ಎಲ್ಲರೂ ಹಾಗೇ. ಚಹಾ ಸಾಸರಿಗೆ ಸುರಿದು, ಊದಿ, ಊರ ಸುದ್ದಿ ಮುಗಿಸಿ ಏಳುವ ನಮಗೆ ಅದು ಔಷಧಿ ಕುಡಿದಂತೆ ಕಾಣುತ್ತಿತ್ತು.

ಆಕೆ ಮೊದಲ ದಿನವೇ ನಮ್ಮ ಎರಡೂ ನಕ್ಷೆಗಳನ್ನು ಪರದೆಯ ಮೇಲೆ ಅಕ್ಕಪಕ್ಕ ಇಟ್ಟು, ಕಂಪ್ಯೂಟರಿನಲ್ಲಿ ಒಂದು ಅಲೆ ಹರಿಯಬಿಟ್ಟರು. ವಾಡಿಯಲ್ಲಿ ಹುಟ್ಟಿದ ಅಲೆ ಚಿತ್ತಾಪುರ ದಾಟಿತು, ಸೇಡಂ ಮುಟ್ಟಿತು, ಅಲ್ಲಿ ನಕ್ಷೆಗಳು ಕೂಡುವ ಜಾಗದಲ್ಲಿ ಗೋಡೆಗೆ ಬಡಿದಂತೆ ಅರ್ಧಕ್ಕರ್ಧ ತಿರುಗಿ ವಾಪಸು ಬಂತು.

"ನಿಮ್ಮ ನೆಲದೊಳಗೆ ಇಂಥ ಗೋಡೆ ಇದೆಯೇ?" ಎಂದು ಮಾರ್ಟಾ ಕೇಳಿದರು.

"ಇಲ್ಲ" ಎಂದೆವು ಇಬ್ಬರೂ.

"ಹಾಗಾದರೆ ಇದು ನೀವಿಬ್ಬರೂ ಸೇರಿ ಕಟ್ಟಿದ ಗೋಡೆ. ಕಮ್ಮಟ ಮುಗಿಯುವುದರೊಳಗೆ ಕೆಡವಿ. ಆಗದಿದ್ದರೆ ಇಬ್ಬರದ್ದನ್ನೂ ಬಿಟ್ಟು, ಇಡೀ ಜಗತ್ತಿಗೆ ಮಾಡಿಟ್ಟ ಒರಟು ನಕ್ಷೆಯನ್ನೇ ಅಲ್ಲಿ ಅಂಟಿಸುತ್ತೇನೆ."

ಜಗತ್ತಿನ ನಕ್ಷೆಗೆ ಶಹಾಬಾದ ಗೊತ್ತಿಲ್ಲ, ಚಿಂಚೋಳಿ ಮೊದಲೇ ಗೊತ್ತಿಲ್ಲ. ಅದರಲ್ಲಿ ದೊಡ್ಡವ್ವನ ಗುಡುಗು ಎಲ್ಲಿ ಬೇಕಾದರೂ ಹೋಗಿ ಬೀಳಬಹುದು. ನನಗೆ ಸಿಟ್ಟು ಬಂತು. ರೆಡ್ಡಿಯವರ ಮೇಲೆ ಇನ್ನೂ ಹೆಚ್ಚು ಬಂತು, ಏಕೆಂದರೆ ಅವರು ಆರಾಮವಾಗಿ ಪೆನ್ಸಿಲ್ ಕೆತ್ತುತ್ತಿದ್ದರು.

"ನಿಮ್ಮ ಸುಣ್ಣದಕಲ್ಲು ಭಾಳ ತೆಳ್ಳಗ ಅದರಿ. ಖಣಿ ಇಳಿದು ನೋಡೀರೇನು?" ಎಂದೆ.

"ನಿಮ್ಮದು ಭಾಳ ದಪ್ಪ ಅದ. ಬಾವಿ ತೋಡಿ ನೋಡೀರೇನು?" ಎಂದರು ಅವರು.

ಎರಡು ದಿನ ಹೀಗೇ ಕಳೆಯಿತು.

ಗೆರೆಯಿರುವ ಚೌಕ

ಮೂರನೇ ದಿನ ಮಧ್ಯಾಹ್ನ ಮಾರ್ಟಾ ನಮ್ಮನ್ನು ಹೊರಗೆ ಕರೆದೊಯ್ದರು. ಬೋರಾ ಎಂಬ ಗಾಳಿ ಎದ್ದಿತ್ತು. ನಮ್ಮ ಬೇಸಿಗೆಯ ಸುಂಟರಗಾಳಿಗೆ ಚಳಿ ಬೆರೆಸಿದರೆ ಬೋರಾ. ಛತ್ರಿ ಬಿಚ್ಚಿದ ರೆಡ್ಡಿಯವರ ಕೈಯಲ್ಲಿ ಕಡ್ಡಿ ಮಾತ್ರ ಉಳಿಯಿತು.

ಆ ಚೌಕದ ನಡುವೆಯೇ ಎರಡು ದೇಶಗಳ ಗಡಿ. ಮೊದಲು ಬೇಲಿಯಿತ್ತಂತೆ, ಹಿಂದಿನ ವರ್ಷ ಕಿತ್ತು, ಆ ಜಾಗದಲ್ಲಿ ನೆಲಕ್ಕೆ ಹಾಸುಕಲ್ಲು ಹಾಕಿದ್ದರು. ಮಕ್ಕಳು ಇಟಲಿಯಲ್ಲಿ ಚೆಂಡು ಒದ್ದು ಸ್ಲೊವೇನಿಯಾದಲ್ಲಿ ಹಿಡಿಯುತ್ತಿದ್ದವು. ಮಾತಿನ ಭರದಲ್ಲಿ ಗೆರೆ ದಾಟಿದ್ದ ರೆಡ್ಡಿಯವರು ಹಠಾತ್ತನೆ ನೆಲ ನೋಡಿ, "ಅಯ್ಯೋ, ನಂದು ಒಂದೇ ಸಲದ ವೀಸಾ ಅದರಿ!" ಎಂದು ಒಂದೇ ನೆಗೆತಕ್ಕೆ ವಾಪಸು ಬಂದರು. ಚೌಕದೊಳಗೆ ಅಡ್ಡಾಡಬಹುದು, ಅದರಾಚೆಯ ಊರಿಗೆ ಹೋಗುವಂತಿಲ್ಲ ಎಂದು ಮಾರ್ಟಾ ತಿಳಿಸಿ ಹೇಳಿದರೂ ಅವರು ಆಮೇಲೆ ಒಂದು ಕಾಲು ಇಟಲಿಯಲ್ಲೇ ಇಟ್ಟುಕೊಂಡು ನಿಂತರು.

ಆಚೆ ಬದಿಗೆ ಹಳೆಯ ರೈಲು ನಿಲ್ದಾಣ. ಗೋಡೆಯ ಮೇಲೆ ಲೋಹದ ಸಣ್ಣ ಫಲಕವಿತ್ತು. ಏನೆಂದು ಕೇಳಿದೆ. ಸಮುದ್ರದಿಂದ ಈ ನಿಲ್ದಾಣ ಎಷ್ಟು ಎತ್ತರ ಎಂದು ಬರೆದಿದೆ, ಹಳೆಯ ಕಾಲದಿಂದ ಹಾಗೇ ಇದೆ ಎಂದರು ಮಾರ್ಟಾ.

ನನಗೆ ವಾಡಿ ನೆನಪಾಯಿತು. ಹಳದಿ ಫಲಕ, ಅಪ್ಪನ ಬೆರಳು, ಎಂಜಿನ್ನಿನ ಬಿಸಿ, ಮಿರ್ಚಿ ಭಜಿಯ ವಾಸನೆ. "ನಮ್ಮ ವಾಡಿದಾಗೂ ಹಿಂಗೇ ಬರ್ದಾರ" ಎಂದೆ ರೆಡ್ಡಿಯವರಿಗೆ. "ನಮ್ಮಪ್ಪ ಹೇಳ್ತಿದ್ದ, ಅದು ರೈಲ್ವೆದವ್ರಿಗೆ ಬೇಕು, ನಾವು ನಿಂತಿದ್ದು ನೆಲದ ಮ್ಯಾಲ ಅಂತ."

ರೆಡ್ಡಿಯವರು ತಕ್ಷಣ ನನ್ನ ಕಡೆ ತಿರುಗಿದರು. ಇಟಲಿಯಲ್ಲಿಟ್ಟಿದ್ದ ಕಾಲನ್ನೂ ಮರೆತರು.

"ಅಕ್ಕಾರ, ನಿಮ್ಮ ನಕ್ಷಾದಾಗ ಸೊನ್ನೆ ಎಲ್ಲಿಟ್ಟೀರಿ?"

"ಸೊನ್ನೆ ಎಲ್ಲಿಡ್ತಾರ್ರಿ? ನೆಲದ ಮ್ಯಾಲ."

"ನಂದು ಸಮುದ್ರದ ಮಟ್ಟಕ್ಕದರಿ!"

ಅವರು ನಗಲು ಶುರು ಮಾಡಿದರು, ನನಗೂ ತಡೆಯಲಾಗಲಿಲ್ಲ. ನಮ್ಮ ನೆಲವೇ ಸಮುದ್ರಕ್ಕಿಂತ ನಾನೂರು ಮೀಟರಿನಷ್ಟು ಮೇಲಿದೆ. ನಾನು ಖಣಿಯವರ ಮಗಳು, ನಿಂತ ನೆಲದಿಂದ ಕೆಳಕ್ಕೆ ಎಣಿಸಿದ್ದೆ. ಅವರು ಸಮುದ್ರದ ಮಟ್ಟದಿಂದ ಕೆಳಕ್ಕೆ ಎಣಿಸಿದ್ದರು. ಹಾಗಾಗಿ ಒಂದೇ ಕಲ್ಲಿಗೆ ನನ್ನ ಅಂಕಿ ಅವರದಕ್ಕಿಂತ ಅಷ್ಟು ಹೆಚ್ಚು. ಅವರ ಸುಣ್ಣದಕಲ್ಲು ತೆಳುವೂ ಅಲ್ಲ, ನನ್ನದು ದಪ್ಪವೂ ಅಲ್ಲ. ಸೊನ್ನೆ ಎಲ್ಲಿಟ್ಟಿದ್ದೇವೆಂದು ಇಬ್ಬರೂ ಕಾಗದದ ಮೇಲೆ ಬರೆದೇ ಇರಲಿಲ್ಲ. ಬರೆಯಬೇಕು ಎಂದು ಅನಿಸುವಷ್ಟು ಅದು ವಿಚಿತ್ರವೆಂದು ಇಬ್ಬರಿಗೂ ತೋರಿರಲಿಲ್ಲ. ಮಾರ್ಟಾ ಮಾತ್ರ ನಗಲಿಲ್ಲ. ತಮ್ಮ ಊರಿನ ಗಡಿಯಲ್ಲೂ ಹಿಂದೆ ಇದೇ ಆಗಿತ್ತು, ಎರಡು ದೇಶದವರು ಎರಡು ಸಮುದ್ರಮಟ್ಟ ಇಟ್ಟುಕೊಂಡು ಜಗಳವಾಡಿದ್ದರು ಎಂದು ಹೇಳಿ, ಕಾಫಿ ಕುಡಿಯಲು ಕರೆದರು.

ಸಂಜೆಯೇ ನನ್ನ ನಕ್ಷೆಯ ಸೊನ್ನೆಯನ್ನು ಇಳಿಸಿ ಮತ್ತೆ ಅಲೆ ಬಿಟ್ಟೆವು. ವಾಡಿಯಿಂದ ಹೊರಟದ್ದು ಚಿತ್ತಾಪುರ, ಸೇಡಂ ದಾಟಿ ಸರಾಗವಾಗಿ ತಾಂಡೂರಿಗೆ ಹೋಯಿತು. ಸೇಡಂ ಗಡಿಯ ತಂಟೆ ಮುಗಿಯಿತು. ಅವತ್ತು ರಾತ್ರಿಯ ಊಟಕ್ಕೆ ನಾನು ಉಳಿದಿದ್ದ ಶೇಂಗಾ ಹೋಳಿಗೆಯನ್ನು ರೆಡ್ಡಿಯವರಿಗೇ ಕೊಟ್ಟೆ.

ಚಿಂಚೋಳಿಯ ಅಂಚು

ಆದರೆ ಚಿಂಚೋಳಿ ಮುಗಿಯಲಿಲ್ಲ. ಅಲ್ಲಿ ಮೇಲೆ ಕರಿಕಲ್ಲು, ಕೆಳಗೆ ನಮ್ಮ ಸುಣ್ಣದಕಲ್ಲು. ಆ ಸುಣ್ಣದಕಲ್ಲು ಕತ್ತರಿಸಿದಂತೆ ನಿಂತುಬಿಡುತ್ತದೆ ಎಂದು ನನ್ನ ನಕ್ಷೆ. ಇನ್ನೂ ಬಹುದೂರ ಹೋಗುತ್ತದೆ ಎಂದು ರೆಡ್ಡಿಯವರದು. ಸೊನ್ನೆ ಸರಿಪಡಿಸಿದರೂ ಆ ಒಂದು ಕಡೆ ಎರಡೂ ಕೂಡುತ್ತಿರಲಿಲ್ಲ. ಇಂಥಲ್ಲಿ ಎರಡನ್ನೂ ಮೆಲ್ಲಮೆಲ್ಲಗೆ ಬೆರೆಸಿಬಿಡುವುದು ರೂಢಿ. ಈ ಕಡೆ ನನ್ನದು ಹೆಚ್ಚು, ಆ ಕಡೆ ಅವರದು ಹೆಚ್ಚು, ನಡುವೆ ಅರ್ಧರ್ಧ. ಹಾಗೆ ಬೆರೆಸಿದರೆ ಅಲೆ ಎಲ್ಲೂ ಎಡವದೆ ಹೋಗುತ್ತಿತ್ತು. ಪರದೆಯ ಮೇಲೆ ನೋಡಲೂ ಚಂದ.

ಆ ಬೆರೆಸಿದ ನಕ್ಷೆಯಲ್ಲಿ ಗುಡುಗುಗಳನ್ನು ಇಟ್ಟು ನೋಡಿದೆ. ಎಲ್ಲವೂ ಚಿಂಚೋಳಿಯಿಂದ ಸರಿದು ಆಳಕ್ಕೆ, ದೂರಕ್ಕೆ, ಕಿಲ್ಲಾರಿಯ ದಿಕ್ಕಿಗೆ ಹೋಗಿ ಕೂತವು. ನನಗೆ ಎಷ್ಟು ಸಂತೋಷವಾಯಿತೆಂದರೆ ಕೂಡಲೇ ಫೋನು ಮಾಡಬೇಕೆಂದು ಎದ್ದೆ. ದೂರದ್ದೇ! ದೊಡ್ಡವ್ವ ಒಳಗೆ ಮಲಗಲಿ, ಅವ್ವನ ಕಲ್ಲುಗಳನ್ನು ನೋಡುತ್ತ ಮಲಗಲಿ.

"ಕುಂದ್ರಿ ಅಕ್ಕಾರ" ಎಂದರು ರೆಡ್ಡಿಯವರು. "ಒಂದು ಪರೀಕ್ಷಾ ಮಾಡಿ ಆಮ್ಯಾಲ ಫೋನ್ ಹಚ್ರಿ. ನಿಮ್ಮ ಬ್ಲಾಸ್ಟಿಂಗ್ ಅವ ಅಲ್ಲಾ, ಅವನ್ನ ಇದರಾಗ ಇಟ್ಟು ನೋಡ್ರಿ."

ಸೇಡಮ್ಮಿನ ಕಡೆಯ ಖಣಿಯಲ್ಲಿ ಹಾರಿಸಿದ ಮದ್ದಿನ ಸದ್ದು ಗುಡುಗು ಹಿಡಿಯಲು ನಾನು ದೊಡ್ಡವ್ವನ ಊರಿನಲ್ಲಿಟ್ಟಿದ್ದ ಯಂತ್ರದಲ್ಲೂ ಸಿಕ್ಕಿತ್ತು. ಆ ಖಣಿ ಎಲ್ಲಿದೆಯೆಂದು ನಮಗೆ ಕಣ್ಣಾರೆ ಗೊತ್ತು. ನಕ್ಷೆ ಸರಿಯಿದ್ದರೆ ಸದ್ದು ಖಣಿಯಲ್ಲೇ ಬೀಳಬೇಕು. ಬೆರೆಸಿದ ನಕ್ಷೆಯಲ್ಲಿ ಅದು ಖಣಿಯಿಂದ ಬಹಳ ದೂರ, ಯಾರದೋ ತೊಗರಿ ಹೊಲದಲ್ಲಿ ಹೋಗಿ ಬಿತ್ತು. ಅಂಚನ್ನು ಕತ್ತರಿಸಿದ ಹಾಗೇ ಉಳಿಸಿದ ನನ್ನ ನಕ್ಷೆಯಲ್ಲಿ ಬರೋಬ್ಬರಿ ಖಣಿಯ ಒಳಗೆ ಬಿತ್ತು.

ಅದೇ ನಕ್ಷೆಯಲ್ಲಿ ಗುಡುಗುಗಳನ್ನು ಇಟ್ಟಾಗ, ಸೊನ್ನೆ ಸರಿಯಾಗಿದ್ದರಿಂದ ಅವು ಮೊದಲಿನಂತೆ ಚೆದುರಲಿಲ್ಲ, ದೂರವೂ ಹೋಗಲಿಲ್ಲ. ಒಂದೊಂದಾಗಿ ಬಂದು ದೊಡ್ಡವ್ವನ ಊರಿನ ಕೆಳಗೇ, ಹೆಚ್ಚು ಆಳವಿಲ್ಲದೆ, ಗುಂಪಾಗಿ ಕೂತವು.

ಬೆರೆಸಿದ್ದೇ ಇರಲಿ, ರೂಢಿಯೇ ಅದಲ್ಲವೇ ಎಂದೆ. ಆ ಮಾತಾಡುವಾಗ ನನಗೆ ನಾಚಿಕೆಯೂ ಆಗುತ್ತಿತ್ತು. ತನ್ನ ನಕ್ಷೆ ಗೆದ್ದಾಗ ಸೋಲಬೇಕೆಂದು ಹಾರೈಸಿದವಳು ಆ ಕಮ್ಮಟದಲ್ಲಿ ನಾನೊಬ್ಬಳೇ ಇರಬೇಕು. ರೆಡ್ಡಿಯವರದ್ದು ಸೋತಿತ್ತು, ಅವರು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ.

"ಅಕ್ಕಾರ, ದೊಡ್ಡವ್ವಗ ಸುಳ್ಳ ಹೇಳಾಕ ಇಷ್ಟು ದೂರ ಬರ್ಬೇಕಾಗಿತ್ತೇನ್ರಿ? ಅದು ಅಲ್ಲೇ ಕುಂತು ಹೇಳಬಹುದಿತ್ತಲ್ಲಾ" ಎಂದರು ಮೆತ್ತಗೆ.

ಮಾರ್ಟಾ ಪರದೆಯ ಮುಂದೆ ನಿಂತು ನೋಡಿದರು. "ಸೇಡಮ್ಮಿನಲ್ಲಿದ್ದದ್ದು ನಿಮ್ಮ ಗೆರೆ, ಅಳಿಸಿದಿರಿ. ಇದು ಭೂಮಿಯದೇ ಗೆರೆ. ಇದನ್ನು ಅಳಿಸುವ ಹಕ್ಕು ನಮಗಿಲ್ಲ" ಎಂದರು. ಹಾಗೇ ಉಳಿಯಿತು.

ನಿವೆಸಮ್ಮನ ಅಂಗಳ

ಮರುದಿನ ಬೆಳಿಗ್ಗೆ ನಾನು ಅಂಗಳದಲ್ಲಿ ಸುಮ್ಮನೆ ಕೂತಿದ್ದೆ. ಫೋನು ಮಾಡಬೇಕಿತ್ತು, ಕೈ ಬರುತ್ತಿರಲಿಲ್ಲ. ನಿವೆಸಮ್ಮ ಬಂದು ಪಕ್ಕದಲ್ಲಿ ಕೂತು ನನ್ನ ಮುಖ ನೋಡಿದಳು. ಏನಾಯಿತೆಂದು ಕೇಳಿದಳು. ಮಾತು ಸಾಲದೆ, ನಾನು ನೆಲ ತೋರಿಸಿ ಕೈ ನಡುಗಿಸಿದೆ, ಮೇಲೆ ಮಾಡು ತೋರಿಸಿ ಕೈಯಿಂದ ಕಲ್ಲು ಬಿದ್ದಂತೆ ಮಾಡಿದೆ, ಎದೆ ಮುಟ್ಟಿಕೊಂಡು "ಮಮ್ಮಾ, ಸಿಸ್ಟರ್" ಎಂದೆ.

ಆಕೆಗೆ ಪೂರ್ತಿ ಅರ್ಥವಾಯಿತು. ಎದ್ದು, ತನ್ನ ಮನೆಯ ಮಾಡು ತೋರಿಸಿದಳು. ಅಲ್ಲಿ ಹೆಂಚಿತ್ತು. ಆಮೇಲೆ ಬಗ್ಗಿ, ನಾವು ಕೂತಿದ್ದ ಅಂಗಳದ ಹಾಸುಕಲ್ಲನ್ನು ತಟ್ಟಿದಳು. ಕಲ್ಲಿನ ಒಂದು ಅಂಚಿಗೆ ಹಳೆಯ ಹೊಗೆಯ ಕಪ್ಪು ಹತ್ತಿತ್ತು. ಇಷ್ಟು ದಿನ ಆ ಕಲ್ಲುಗಳ ಮೇಲೆ ಅಡ್ಡಾಡಿದರೂ ನಾನು ಅದನ್ನು ಗಮನಿಸಿರಲಿಲ್ಲ. ಎಪ್ಪತ್ತರ ದಶಕದಲ್ಲಿ ಆ ಸೀಮೆಯಲ್ಲಿ ದೊಡ್ಡ ಭೂಕಂಪವಾದಾಗ, ಆಕೆಯ ಗಂಡ ಮಾಡಿನ ಕಲ್ಲುಗಳನ್ನೆಲ್ಲ ಇಳಿಸಿ ಅಂಗಳಕ್ಕೆ ಹಾಸಿದನಂತೆ. ಮಾವನ ಕಾಲದ ಕಲ್ಲುಗಳು, ಎಸೆಯಲು ಮನಸ್ಸಿಲ್ಲ, ತಲೆಯ ಮೇಲಿಟ್ಟುಕೊಳ್ಳಲು ಧೈರ್ಯವಿಲ್ಲ. ಆಕೆ ಇದನ್ನೆಲ್ಲ ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಕೈಯಲ್ಲಿ ಹೇಳಿದಳು. ಗಂಡ ಹೋಗಿ ಎಷ್ಟೋ ವರ್ಷವಾಯಿತು, ಬಿಸಿಲು ಬಿದ್ದಾಗ ಇಲ್ಲೇ ಬರಿಗಾಲಲ್ಲಿ ಕೂರುತ್ತೇನೆ ಎಂದು ತನ್ನ ಚಪ್ಪಲಿ ಬಿಚ್ಚಿ ತೋರಿಸಿದಳು.

ನಾನು ಒಳಗೆ ಹೋಗಿ ಫೋನು ಮಾಡಿದೆ. ಬಸಣ್ಣ ಎತ್ತಿ ದೊಡ್ಡವ್ವನಿಗೆ ಕೊಟ್ಟ.

"ಹೇಳು" ಎಂದಳು. ಊಟವಾಯಿತೇ ಎಂದೂ ಕೇಳಲಿಲ್ಲ.

"ದೊಡ್ಡವ್ವ, ಬುಡಕ್ಕೇ ಅದ."

ಆ ಕಡೆ ಯಾರೋ ಮಜ್ಜಿಗೆ ಕಡೆಯುತ್ತಿದ್ದ ಸದ್ದು ಕೇಳುತ್ತಿತ್ತು.

"ಹಂಗಂದ್ರ ಕಿಲ್ಲಾರಿ ನಮ್ಮೂರಿಗಿ ನಡ್ಕೋತ ಬರಾಕತ್ತದ ಅಂತ ಮಂದಿ ಅಂತಾರಲ್ಲ, ಅದು ಖರೆ ಅಲ್ಲ?"

"ಅಲ್ಲ. ಇದು ನಿಮ್ಮೂರಿಂದೇ. ಸಣ್ಣದು, ಮ್ಯಾಲಮ್ಯಾಲಿಂದು. ಮಳಿ ನೀರು ಇಳಿದು ಕಲ್ಲು ಸರೀತಿರಬಹುದು. ದೊಡ್ಡದಾಗಂಗಿಲ್ಲ ಅಂತ ನಾ ಆಣಿ ಮಾಡಿ ಹೇಳಂಗಿಲ್ಲ ದೊಡ್ಡವ್ವ. ಯಾರಿಗೂ ಹೇಳಾಕ ಬರಂಗಿಲ್ಲ. ಮಾಳಿಗಿ ಕಲ್ಲು ಇಳಸ್ಬೇಕು."

"ನಿಮ್ಮವ್ವ ಕಳಿಸಿದ ಕಲ್ಲು ಅವು."

"ಗೊತ್ತದ. ಇಳಿಸಿ ಅಂಗಳಕ್ಕ ಹಾಸ್ರಿ. ಇಲ್ಲಿ ಒಬ್ಬ ಅಜ್ಜಿ ಹಂಗೇ ಮಾಡ್ಯಾಳ. ನಾ ಈಗ ಅದರ ಮ್ಯಾಲೇ ಕುಂತಿದ್ದೆ."

"ಆ ಅಜ್ಜಿ ಆರಾಮ ಅದಾಳೇನು?" ಎಂದು ಕೇಳಿದಳು.

"ಆರಾಮ ಅದಾಳ."

"ಆಯ್ತು, ಬಿಲ್ ಭಾಳ ಆಗ್ತದ, ಇಡು" ಎಂದು ಆಕೆಯೇ ಇಟ್ಟಳು.

ಚಿಂಚೋಳಿ

ತಾಂಡೂರಿನ ನೀಲಿ ಕಲ್ಲು ಮಾರ್ಟಾ ಅವರ ಮೇಜಿನ ಮೇಲೆ ಉಳಿಯಿತು. ಹೊರಡುವಾಗ ನಿವೆಸಮ್ಮ ನನ್ನ ಕೈಗೆ ಮುಸುಕಿನ ಜೋಳದ ಹಿಟ್ಟಿನ ಚೀಲ ಕೊಟ್ಟಳು. ನಾನು ಖಾಲಿಯಾದ ಹಿಂಡಿಯ ಡಬ್ಬಿಯನ್ನು ಆಕೆಗೆ ಬಿಟ್ಟು ಬಂದೆ, ವಾಸನೆಯಾದರೂ ಇರಲಿ ಎಂದು ಆಕೆಯೇ ಇಟ್ಟುಕೊಂಡದ್ದು. ವಾಪಸು ಬರುವಾಗ ವಾಡಿಯಲ್ಲಿ ಇಳಿಯುವ ಮುಂಚೆ ರೆಡ್ಡಿಯವರು, "ಅಕ್ಕಾರ, ಬೋರ್ಡ್ ನೋಡಿ ಇಳೀರಿ, ಸೊನ್ನೆ ತಪ್ಪೀತು" ಎಂದರು. ಗಾಡಿ ಹೊರಟರೂ ಬಾಗಿಲಲ್ಲಿ ನಿಂತು ಕೈ ಬೀಸುತ್ತಿದ್ದರು. ಆಮೇಲೆ ಎಷ್ಟೋ ವರ್ಷ ದೀಪಾವಳಿಗೆ ಅವರ ಫೋನು ತಪ್ಪಲಿಲ್ಲ.

ವಾರದೊಳಗೆ ಚಿಂಚೋಳಿಗೆ ಹೋದೆ. ನಾನು ಹೋಗಿ ಒಪ್ಪಿಸಬೇಕಾದೀತು, ಅತ್ತು ಕರೆದು ಮಾಡಬೇಕಾದೀತು ಎಂದುಕೊಂಡು ಹೋಗಿದ್ದೆ. ದೂರದಿಂದಲೇ ಮನೆಯ ಮೇಲೆ ತಗಡು ಹೊಳೆಯುತ್ತಿತ್ತು. ಅಂಗಳದಲ್ಲಿ ಅವ್ವನ ಕಲ್ಲುಗಳು ಸಾಲಾಗಿ ಹಾಸಿಕೊಂಡಿದ್ದವು. ಒಲೆಯ ಹೊಗೆ ಹತ್ತಿದ ಮಗ್ಗುಲನ್ನು ಮೇಲೆ ಮಾಡಿ ಹಾಸಿದ್ದರು. ಬಸಣ್ಣ ನುಣ್ಣನೆಯ ಮಗ್ಗುಲು ಮೇಲಿರಲಿ ಎಂದನಂತೆ, ದೊಡ್ಡವ್ವ ಕೇಳಲಿಲ್ಲವಂತೆ. "ನಾ ಇಷ್ಟು ವರ್ಷ ನೋಡಿದ್ದು ಈ ಮಗ್ಗಲಾ" ಎಂದಳಂತೆ.

ಆಕೆ ಆ ಕಲ್ಲುಗಳ ಮೇಲೆ ಬರಿಗಾಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ಕಲ್ಲು ಬಿಸಿಲಿಗೆ ಬೆಚ್ಚಗಾಗಿತ್ತು. ಸ್ವಲ್ಪ ಹೊತ್ತಿನಲ್ಲಿ ನೆಲದೊಳಗೆ ಒಮ್ಮೆ ಗುಡುಗಿತು, ಮೊರದಲ್ಲಿನ ಕಾಳು ಸಣ್ಣಗೆ ಕುಣಿದವು. ನಾನು ಬೆಚ್ಚಿ ಆಕೆಯ ತೋಳು ಹಿಡಿದೆ. ದೊಡ್ಡವ್ವ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಅಂಜಬ್ಯಾಡ" ಎಂದಳು. "ನಿಮ್ಮವ್ವ ಈಗ ಕೆಳಗದಾಳ."

ಗುಡುಗು ಮುಂದಿನ ಮಳೆಗಾಲದ ಹೊತ್ತಿಗೆ ತಾನಾಗಿಯೇ ನಿಂತಿತು. ದೊಡ್ಡವ್ವ ಅದಾದ ಮೇಲೂ ಬಹಳ ವರ್ಷ ಬದುಕಿದಳು, ಕೊನೆಯವರೆಗೂ ತಗಡಿನ ಕೆಳಗೆ ಮಲಗಿದಳು. ಈಗ ಆ ಮನೆಗೆ ಹೋದರೆ ಬಸಣ್ಣನ ಮಕ್ಕಳು ಕುರ್ಚಿ ತಂದು ಹಾಕುತ್ತಾರೆ. ನಾನು ಚಪ್ಪಲಿ ಬಿಟ್ಟು ಅಂಗಳದಲ್ಲೇ ಕೂರುತ್ತೇನೆ.